ಸೇರು ಎಂದರೆ ಎಷ್ಟು? ತೂಕದ ಕಲ್ಲಿನ ಕಥೆ

ಗಡಿನಾಡಿನ ಹಳೆಯ ಮನೆಗಳ ಅಟ್ಟ ಹುಡುಕಿದರೆ ಸೇರು, ಪಾವು, ಚಟಾಕು ಇವತ್ತಿಗೂ ಸಿಗುತ್ತವೆ. ಹೆಸರು ಎಲ್ಲ ಕಡೆಗೂ ಒಂದೇ. ಆದರೆ ಕಾಸರಗೋಡಿನ ಸೇರು, ಹೊಸೂರಿನ ಸೇರು, ಸೊಲ್ಲಾಪುರದ ಸೇರು ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಅಕ್ಕಿ ಸುರಿದರೆ ಅವು ಒಂದಕ್ಕೊಂದು ಸರಿಹೋಗುವ ಭರವಸೆ ಇಲ್ಲ. ಸೇರು ಕೆಲವೆಡೆ ಅಳತೆ, ಕೆಲವೆಡೆ ತೂಕ, ಇನ್ನು ಕೆಲವೆಡೆ ಎರಡೂ ಹೌದು. ಅಳತೆಯಾದರೆ ತಲೆ ಸವರಿ ಅಳೆಯುವುದೋ, ರಾಶಿ ನಿಲ್ಲುವಂತೆ ತುಂಬುವುದೋ ಎಂಬುದು ಬೇರೆಯೇ ಜಗಳ. ಖಂಡುಗವಂತೂ ಇಪ್ಪತ್ತು ಕೊಳಗ ಧಾನ್ಯವೂ ಹೌದು, ಅಷ್ಟು ಬೀಜ ಬಿತ್ತುವ ನೆಲವೂ ಹೌದು.

ತೂಕದ ಲೆಕ್ಕವನ್ನೇ ನೋಡೋಣ. ಮದ್ರಾಸ್ ಪ್ರಾಂತ್ಯದ ಪದ್ಧತಿಯಲ್ಲಿ ಸೇರು ಎಂದರೆ 24 ತೊಲ, ಈಗಿನ ಸುಮಾರು 280 ಗ್ರಾಂ. ಐದು ಸೇರಿಗೆ ಒಂದು ವೀಸೆ, ಎಂಟು ವೀಸೆಗೆ ಒಂದು ಮಣ. ಆ ಮಣ 25 ಪೌಂಡು, ಅಂದರೆ ಹನ್ನೊಂದು ಕಿಲೋ ಚಿಲ್ಲರೆ. ಮುಂಬಯಿ ಮಣ 28 ಪೌಂಡು. ರೈಲ್ವೆಯವರ ಮಣ 82 ಪೌಂಡಿಗೂ ಮೇಲೆ, ಈಗಿನ 37 ಕಿಲೋ. ಹುಣಸೆಹಣ್ಣನ್ನು ಊರಿನ ಮಣದಲ್ಲಿ ಮಾರಿ, ರೈಲ್ವೆ ಮಣದಲ್ಲಿ ಬಾಡಿಗೆ ಕಟ್ಟಿ, ಇನ್ನೊಂದು ಪ್ರಾಂತ್ಯದ ಮಣದಲ್ಲಿ ಹಣ ಎಣಿಸಿಕೊಳ್ಳಬೇಕಾದ ರೈತನ ಪಾಡು ಊಹಿಸಿಕೊಳ್ಳಿ. ಎರಡು ಪ್ರಾಂತ್ಯಗಳ ಸಂತೆಗೆ ಹೋಗಿಬರುತ್ತಿದ್ದ ನಮ್ಮ ಕಡೆಯವರಿಗೆ ಇದು ದಿನನಿತ್ಯದ ಲೆಕ್ಕ. ಲೆಕ್ಕ ಬಾರದವನಿಗೆ ದಿನನಿತ್ಯದ ನಷ್ಟ.

ಈ ಎಲ್ಲ ತೂಕಗಳ ಬುಡದಲ್ಲಿ ಇದ್ದದ್ದು ಒಂದು ನಾಣ್ಯ. 1833ರಲ್ಲಿ ಕಂಪನಿ ಸರ್ಕಾರ ರೂಪಾಯಿಯ ತೂಕವನ್ನು 180 ಗ್ರೇನ್ ಎಂದು ಗೊತ್ತುಮಾಡಿ, ಅದೇ ತೂಕಕ್ಕೆ ತೊಲ ಎಂದಿತು. ಅದು ಈಗಿನ 11.66 ಗ್ರಾಂ. ತೂಕದ ಕಲ್ಲಿನ ಮೇಲೆ ಅನುಮಾನ ಬಂದರೆ ಬೊಕ್ಕಣದ ಬೆಳ್ಳಿ ರೂಪಾಯಿಗಳನ್ನೇ ತಕ್ಕಡಿಗೆ ಹಾಕಿ ನೋಡಬಹುದಾಗಿತ್ತು. ಜಾಣತನದ ಏರ್ಪಾಡು, ಒಪ್ಪೋಣ. ಆದರೆ ನಾಣ್ಯ ಕೈಯಿಂದ ಕೈಗೆ ಹೋಗಿ ಸವೆಯುತ್ತದೆ. ಸವೆದ ಎಂಬತ್ತು ರೂಪಾಯಿ ಹಾಕಿ ತೂಗಿದ ಪಕ್ಕಾ ಸೇರು ಹೊಸ ರೂಪಾಯಿಯ ಸೇರಿಗಿಂತ ಹಗುರ. ಹಾಗಾದರೆ ನಿಜವಾದ ಸೇರು ಯಾವುದು? ಇದು ಬರೀ ಸಂತೆಯ ಪ್ರಶ್ನೆ ಅಲ್ಲ, ವಿಜ್ಞಾನವನ್ನೂ ನೂರಾರು ವರ್ಷ ಕಾಡಿದ ಪ್ರಶ್ನೆ.

ಪ್ಯಾರಿಸ್ಸಿನ ಗುಂಡು

ಕಿಲೋಗ್ರಾಂ ಹುಟ್ಟಿದ್ದು ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ. ಅಲ್ಲಿಯೂ ನಮ್ಮಲ್ಲಿಯಂತೆಯೇ ಊರಿಗೊಂದು ಅಳತೆ, ಜಮೀನ್ದಾರನಿಗೊಂದು ಅಳತೆ ಇತ್ತು. ಯಾವ ದೊರೆಗೂ ಸೇರದ, ಪ್ರಕೃತಿಯಿಂದಲೇ ಎತ್ತಿಕೊಂಡ ಅಳತೆ ಬೇಕೆಂದು ಒಂದು ಲೀಟರ್ ನೀರಿನ ತೂಕವನ್ನು ಆಧಾರ ಮಾಡಿಕೊಂಡರು. ನೀರನ್ನು ಕಪಾಟಿನಲ್ಲಿಟ್ಟು ಕಾಯುವುದು ಕಷ್ಟ. ಹಾಗಾಗಿ 1799ರಲ್ಲಿ ಅಷ್ಟೇ ತೂಕದ ಪ್ಲಾಟಿನಂ ಗುಂಡು ಮಾಡಿಟ್ಟರು. ಅಲ್ಲಿಂದ ಮುಂದೆ ನೀರು ಹಿಂದೆ ಸರಿಯಿತು, ಲೋಹವೇ ಯಜಮಾನನಾಯಿತು.

1875ರ ಮೇ 20ರಂದು 17 ದೇಶಗಳು ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಫಲವಾಗಿ ಬಂದ ಹೊಸ ಗುಂಡನ್ನು 1889ರಲ್ಲಿ ಇಡೀ ಲೋಕದ ಕಿಲೋಗ್ರಾಂ ಎಂದು ಘೋಷಿಸಲಾಯಿತು. ನೂರಕ್ಕೆ 90 ಪಾಲು ಪ್ಲಾಟಿನಂ, 10 ಪಾಲು ಇರಿಡಿಯಂ. ಎತ್ತರ 39 ಮಿಲಿಮೀಟರ್, ಅಡ್ಡಳತೆಯೂ ಅಷ್ಟೇ. ಅಂಗೈಯಲ್ಲಿ ಮುಚ್ಚಿಡಬಹುದಾದ ವಸ್ತು. ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ, ಒಂದರೊಳಗೊಂದು ಗಾಜಿನ ಮುಚ್ಚಳಗಳ ಕೆಳಗೆ, ಮೂರು ಬೇರೆ ಬೇರೆ ಕೀಲಿ ಕೂಡಿದರೆ ಮಾತ್ರ ತೆರೆಯುವ ಪೆಟ್ಟಿಗೆಯಲ್ಲಿ ಅದನ್ನು ಇಟ್ಟರು. ಗರ್ಭಗುಡಿಯ ಮೂಲವಿಗ್ರಹಕ್ಕೂ ಇಷ್ಟು ಕಾವಲು ಇರಲಿಕ್ಕಿಲ್ಲ. ಹೊರಗೆ ಕಳುಹಿಸುತ್ತಿದ್ದದ್ದು ಉತ್ಸವಮೂರ್ತಿಗಳನ್ನು, ಅಂದರೆ ನಕಲುಗಳನ್ನು. ಭಾರತದ ಪಾಲಿಗೆ ಬಂದದ್ದು 57ನೆಯ ನಂಬರಿನದು. ಅದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ.

ಇಪ್ಪತ್ತನೆಯ ಶತಮಾನದಲ್ಲಿ ಮೂಲ ಗುಂಡನ್ನು ಹೊರತೆಗೆದು ನಕಲುಗಳೊಡನೆ ತೂಗಿದ್ದು ತೀರ ಅಪರೂಪ: 1940ರ ದಶಕದಲ್ಲಿ ಒಮ್ಮೆ, 1980ರ ದಶಕದ ಕೊನೆಯಲ್ಲಿ ಮತ್ತೊಮ್ಮೆ. ಈಥರ್ ಮತ್ತು ಆಲ್ಕೋಹಾಲಿನಲ್ಲಿ ನೆನೆಸಿದ ಮೆದು ಚರ್ಮದಿಂದ ಒರೆಸಿ, ಹಬೆಯಲ್ಲಿ ತೊಳೆದು ತೂಗಿದಾಗ ಕಂಡದ್ದು ಇದು: ನೂರು ವರ್ಷದಲ್ಲಿ ನಕಲುಗಳಿಗೂ ಮೂಲಕ್ಕೂ ನಡುವೆ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬೆಳೆದಿತ್ತು. ಒಂದು ಬೆರಳಚ್ಚಿನ ಜಿಡ್ಡಿನಷ್ಟು.

ಮೂಲ ಸವೆಯಿತೋ, ನಕಲುಗಳು ಭಾರವಾದವೋ? ಕಾನೂನಿನ ಪ್ರಕಾರ ಮೂಲಕ್ಕೆ ಸವೆಯಲು ಸಾಧ್ಯವೇ ಇಲ್ಲ. ಕಿಲೋ ಎಂದರೇನೇ ಅದು. ಅದರಿಂದ ಒಂದು ಚೂರು ಉದುರಿದರೂ ಅದು ಒಂದು ಕಿಲೋ, ಉಳಿದ ಪ್ರಪಂಚವೇ ಅಷ್ಟು ಭಾರವಾಯಿತು ಎನ್ನಬೇಕು. ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಇದೇ ಮಾತನ್ನು ಪ್ಯಾರಿಸ್ಸಿನ ಮೀಟರ್ ಕೋಲಿನ ಬಗ್ಗೆ ಎತ್ತಿದ್ದ: ಅದು ಒಂದು ಮೀಟರ್ ಉದ್ದ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು, ಏಕೆಂದರೆ ಅಳೆಯುವ ಆಟದಲ್ಲಿ ಅದರ ಪಾತ್ರವೇ ಬೇರೆ. ಸಾಲ್ ಕ್ರಿಪ್ಕಿ ಇದನ್ನು ಒಪ್ಪಲಿಲ್ಲ. ಆ ಕೋಲು ಬಿಸಿಯಾಗಿದ್ದರೆ ತುಸು ಉದ್ದ ಆಗುತ್ತಿತ್ತಲ್ಲ, ಹಾಗಾಗಿ ಅದೊಂದು ಸಾಮಾನ್ಯ ಕೋಲೇ ಎಂಬುದು ಆತನ ವಾದ. ನನಗೆ ಇಬ್ಬರೂ ಅರ್ಧ ಸರಿ ಅನಿಸುತ್ತದೆ. ಮೂಲ ಗುಂಡು ಲೋಹವೂ ಹೌದು, ಒಪ್ಪಂದವೂ ಹೌದು. ಒಪ್ಪಂದ ಸವೆಯುವುದಿಲ್ಲ, ಲೋಹ ಸವೆಯುತ್ತದೆ. ತೊಂದರೆ ಎದ್ದದ್ದು ಅಲ್ಲಿ. ಬೆಳ್ಳಿ ರೂಪಾಯಿಯ ಕಷ್ಟವೂ ಇದೇ.

ಎರಡು ತಿಂಗಳ ಅಂತರ

ನಮ್ಮ ಊರುಗಳ ಮಟ್ಟಿಗೆ 1956ನೆಯ ಇಸವಿ ಮರೆಯುವಂಥದ್ದಲ್ಲ. ಆದವಾನಿ, ಆಲೂರು, ರಾಯದುರ್ಗ 1953ರಲ್ಲೇ ಬಳ್ಳಾರಿಯಿಂದ ಆಂಧ್ರಕ್ಕೆ ಹೋಗಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಹೊಸೂರು, ತಾಳವಾಡಿ ಮದ್ರಾಸಿನಲ್ಲಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮುಂಬಯಿಯಲ್ಲಿ ಉಳಿದವು. ಅದೇ ವರ್ಷದ ಡಿಸೆಂಬರ್ ಕೊನೆಗೆ ತೂಕ ಮತ್ತು ಅಳತೆಗಳ ಕಾಯಿದೆ ಬಂತು. ಗಡಿಗೆರೆ ಎಳೆದ ಎರಡು ತಿಂಗಳಿಗೆ, ಆ ಗೆರೆಯ ಎರಡೂ ಬದಿಗೆ ಒಂದೇ ತೂಕ ಎಂದು ಸಂಸತ್ತು ಹೇಳಿತು. ಈ ಎರಡನೆಯ ಸಂಗತಿಯನ್ನು ನಾವು ನೆನೆಯುವುದು ಕಡಿಮೆ.

1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋ ಬಂತು. 1939ರಲ್ಲೇ ಬ್ರಿಟಿಷ್ ಸರ್ಕಾರ 80 ತೊಲದ ಸೇರನ್ನು ಎಲ್ಲೆಡೆ ಒಂದೇ ಮಾಡಲು ಕಾಯಿದೆ ತಂದಿತ್ತು; ಸಂತೆ ಅದಕ್ಕೆ ಕಿವಿಗೊಟ್ಟಿರಲಿಲ್ಲ. ಈ ಬಾರಿ ಹಳೆಯ ಕಲ್ಲುಗಳ ಬದಲಿಗೆ ಹೊಸ ಕಲ್ಲುಗಳೇ ಅಂಗಡಿಗೆ ಬಂದವು, ಹಾಗಾಗಿ ನಿಂತಿತು.

ಮಾತಿನಲ್ಲಿ ಮಾತ್ರ ಹಳೆಯದು ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ. ಹೂವು ಇನ್ನೂ ಮೊಳದಲ್ಲೇ ಮಾರಾಟ, ಅದೂ ಹೂವಾಡಗಿತ್ತಿಯ ಮೊಳ. ಆದರೆ ಚಿನ್ನದಲ್ಲಿ ಎಚ್ಚರ ಬೇಕು. ಕಾಸರಗೋಡಿನ ಪವನ್, ಹೊಸೂರಿನ ಸವರನ್ ಎಂದರೆ 8 ಗ್ರಾಂ. ಮೂಲದ ಇಂಗ್ಲಿಷ್ ನಾಣ್ಯ 7.988 ಗ್ರಾಂ ಇತ್ತು. ತೊಲವನ್ನು ಈಗ ಹಲವು ಅಂಗಡಿಗಳಲ್ಲಿ 10 ಗ್ರಾಂ ಎಂದು ಲೆಕ್ಕ ಹಿಡಿಯುತ್ತಾರೆ. ಹಳೆಯ ತೊಲ 11.66. ಗಡಿಯಾಚೆಯ ಬೀಗರೊಡನೆ ಮದುವೆ ಮಾತುಕತೆಯಲ್ಲಿ "ಹತ್ತು ತೊಲ" ಎಂದಾಗ ಎರಡು ಮನೆಯವರ ಮನಸ್ಸಿನಲ್ಲಿ 16 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಇರಬಹುದು. ಗ್ರಾಂನಲ್ಲೇ ಬರೆದಿಡುವುದು ಒಳ್ಳೆಯದು.

ಗುಂಡಿಗೆ ನಿವೃತ್ತಿ

2018ರ ನವೆಂಬರ್ 16ರಂದು ವರ್ಸೇಲ್ಸ್‌ನಲ್ಲಿ ಸೇರಿದ ದೇಶಗಳು ಗುಂಡನ್ನು ಬಿಟ್ಟುಬಿಡಲು ಮತ ಹಾಕಿದವು. 2019ರ ಮೇ 20ರಿಂದ ಕಿಲೋಗ್ರಾಂ ಯಾವ ವಸ್ತುವೂ ಅಲ್ಲ. ಪ್ಲಾಂಕ್ ಸ್ಥಿರಾಂಕ ಎಂಬ ಪ್ರಕೃತಿಯ ಒಂದು ಸಂಖ್ಯೆಗೆ ಬೆಲೆ ಕಟ್ಟಿಟ್ಟು, ಅದರಿಂದ ಕಿಲೋವನ್ನು ಪಡೆಯುತ್ತಾರೆ. ಅದಕ್ಕೆ ಬೇಕಾದ ಕಿಬಲ್ ತಕ್ಕಡಿ ವಿದ್ಯುತ್ ಬಲದಿಂದ ಭಾರವನ್ನು ಸರಿತೂಗಿಸುತ್ತದೆ. ಕೀಲಿಯ ಪೆಟ್ಟಿಗೆ ಬೇಡವಾಯಿತು. ಆದರೆ ಆ ತಕ್ಕಡಿ ಕಟ್ಟಲು ಬಲ್ಲ ದೇಶಗಳು ಬೆರಳೆಣಿಕೆಯಷ್ಟು ಎಂಬುದನ್ನೂ ಹೇಳಬೇಕು.

ಅಂಗಡಿಗೆ ಇದರಿಂದ ಏನೂ ಬದಲಾಗಲಿಲ್ಲ. ಅಂಗಡಿಯಲ್ಲಿ ಬದಲಾದದ್ದು ತಕ್ಕಡಿ. ಎರಡು ತಟ್ಟೆಯ ತಕ್ಕಡಿ ಹೋಲಿಸುತ್ತದೆ: ಅತ್ತ ಕಲ್ಲು, ಇತ್ತ ಸಾಮಾನು. ಎಲ್ಲಿಗೆ ಒಯ್ದರೂ ಉತ್ತರ ಒಂದೇ, ಏಕೆಂದರೆ ಭೂಮಿಯ ಸೆಳೆತ ಎರಡೂ ತಟ್ಟೆಗೆ ಸಮ. ಎಲೆಕ್ಟ್ರಾನಿಕ್ ಯಂತ್ರಕ್ಕೆ ಎದುರು ತಟ್ಟೆ ಇಲ್ಲ. ಅದು ಸೆಳೆತವನ್ನೇ ಅಳೆದು ಕಿಲೋ ಎಂದು ತೋರಿಸುತ್ತದೆ. ಎತ್ತರಕ್ಕೆ ಹೋದಂತೆ ಸೆಳೆತ ಕಡಿಮೆ. ಕಾಸರಗೋಡಿನ ಕಡಲ ಮಟ್ಟದಲ್ಲಿ ಸರಿಮಾಡಿದ ಯಂತ್ರವನ್ನು 2,200 ಮೀಟರ್ ಎತ್ತರದ ಊಟಿಗೆ ಒಯ್ದು ಹಾಗೆಯೇ ತೂಗಿದರೆ, ಒಂದು ಕಿಲೋ ಚಹಾಪುಡಿಗೆ ಅರ್ಧ ಗ್ರಾಂನ ಆಸುಪಾಸು ಕಡಿಮೆ ತೋರುತ್ತದೆ. ಚಹಾಕ್ಕೆ ನಗಣ್ಯ, ಚಿನ್ನಕ್ಕೆ ಅಲ್ಲ. ನಿಖರವಾದ ಯಂತ್ರವನ್ನು ಬಳಸುವ ಜಾಗದಲ್ಲೇ ಪರೀಕ್ಷಿಸಬೇಕು ಎನ್ನುವುದು ಈ ಕಾರಣಕ್ಕೆ.

ಆ ಪರೀಕ್ಷೆ ಮಾಡುವುದು ಆಯಾ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆ. ದೆಹಲಿಯ ಮಾನಕದಿಂದ ಬೆಂಗಳೂರಿನಂಥ ಪ್ರಾದೇಶಿಕ ಪ್ರಯೋಗಾಲಯಕ್ಕೆ, ಅಲ್ಲಿಂದ ರಾಜ್ಯಗಳ ಮಾನಕಕ್ಕೆ, ಅಲ್ಲಿಂದ ಇನ್‌ಸ್ಪೆಕ್ಟರ ಕೈಯ ಕಲ್ಲಿಗೆ ಸರಪಳಿ ಇಳಿದುಬರುತ್ತದೆ. ಕಲ್ಲಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಆಗಬೇಕು. ಕಬ್ಬಿಣದ ಕಲ್ಲಿನ ಗುಳಿಯಲ್ಲಿ ಸೀಸ ತುಂಬಿ ಅದರ ಮೇಲೆ ಒತ್ತಿದ ಗುರುತೇ ಆ ಮುದ್ರೆ. ಎಲೆಕ್ಟ್ರಾನಿಕ್ ಆದರೆ ಪ್ರಮಾಣಪತ್ರ ಅಂಗಡಿಯಲ್ಲಿ ಕಾಣುವಂತೆ ಇರಬೇಕು. ಅನುಮಾನ ಬಂದರೆ ಸಂಕೋಚಪಡದೆ ಕೇಳಿ ನೋಡಬಹುದು, ಗಡಿಯ ಯಾವ ಬದಿಯ ಅಂಗಡಿಯಲ್ಲಾದರೂ.