ಸ್ಲಿಂಗ್ ರಕ್ಷಣೆ

ಕ್ರೇನಿನ ಕೊಕ್ಕೆಗೆ ಹೊರೆಯನ್ನು ತೂಗುಹಾಕುವ ಸರಪಳಿ, ಉಕ್ಕಿನ ಹಗ್ಗ ಅಥವಾ ಬಟ್ಟೆಯ ಪಟ್ಟಿಗೆ ಸ್ಲಿಂಗ್ ಎಂದು ಹೆಸರು. ಅದು ಹರಿಯುವುದಕ್ಕೆ ಅತಿಭಾರವೊಂದೇ ಕಾರಣವಲ್ಲ. ತನ್ನ ಮಿತಿಯೊಳಗಿನ ಹೊರೆಯನ್ನೇ ಹೊತ್ತಿದ್ದರೂ, ಆ ಹೊರೆಯ ಚೂಪು ಅಂಚು ಅದನ್ನು ಕತ್ತರಿಸಬಲ್ಲದು.

ನಾರಿನ ಹಗ್ಗದ ಕಾಲದಿಂದಲೂ ಅಂಚಿಗೆ ಗೋಣಿಯನ್ನೋ ಮರದ ತುಂಡನ್ನೋ ಕೊಡುವ ರೂಢಿಯಿದೆ. ಸರಪಳಿಗೆ ಇನ್ನೊಂದು ತೊಡಕೂ ಇತ್ತು: ಜರ್ಮನಿಯ ಹಾರ್ಜ್ ಗಣಿಗಳಲ್ಲಿ ಅವು ಮತ್ತೆ ಮತ್ತೆ ಭಾರ ಹೊತ್ತು, ದಣಿದು ತುಂಡಾಗುತ್ತಿದ್ದವು. ಇದನ್ನು ಪರೀಕ್ಷಿಸಿದ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ಕಬ್ಬಿಣದ ತಂತಿ ಹೊಸೆದ ಹಗ್ಗವನ್ನು ಬಳಕೆಗೆ ತಂದ. ತಂತಿಯ ಹಗ್ಗಕ್ಕೂ ಬಿಗಿಯಾದ ಬಾಗು ಆಗದು: ತನ್ನಷ್ಟೇ ದಪ್ಪದ ಸರಳಿಗೆ ಸುತ್ತಿದರೆ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ.

1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲನ್ನು ರೂಪಿಸಿದರು. ಮುಂದೆ ಅದರಿಂದ ನೇಯ್ದ ಪಟ್ಟಿಗಳು ಬಂದವು. ನಮ್ಮ ಕೆಲಸಗಾರರ ಬಾಯಲ್ಲಿ ಇವು ‘ಬೆಲ್ಟ್’. ಹಗುರ, ಮೆದು, ಯಂತ್ರದ ಬಣ್ಣವನ್ನೂ ಕೆಡಿಸವು. ಆದರೆ ಕೊಯ್ತವನ್ನು ತಡೆಯುವ ಶಕ್ತಿ ಇವಕ್ಕೆ ತೀರಾ ಕಡಿಮೆ. ಬಿಗಿದ ಬೆಲ್ಟು ಉಕ್ಕಿನ ಅಂಚಿನ ಮೇಲೆ ಕೊಂಚ ಜಾರಿದರೂ ಸಾಕು, ನೂಲು ಸರಸರನೆ ಬಿಚ್ಚಿಕೊಳ್ಳುತ್ತದೆ. ಕೈಗೆ ನುಣುಪಾಗಿ ತೋರುವ ಅಂಚನ್ನೂ ನಂಬುವಂತಿಲ್ಲ. ಅಂಚಿನ ದುಂಡಿನ ತ್ರಿಜ್ಯ ಸ್ಲಿಂಗಿನ ದಪ್ಪಕ್ಕಿಂತ ಕಡಿಮೆಯಿದ್ದರೆ ಅದು ಚೂಪು ಅಂಚೇ ಎನ್ನುತ್ತದೆ ಜರ್ಮನಿಯ ಸುರಕ್ಷತಾ ನಿಯಮ. ಇಷ್ಟು ಸರಳವೂ ಉಪಯುಕ್ತವೂ ಆದ ಅಳತೆ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ.

ಕಟ್ಟುವ ಕೋನವೂ ಮುಖ್ಯ. ಎರಡು ಕಾಲಿನ ಸ್ಲಿಂಗ್ ನೆಲಮಟ್ಟಕ್ಕೆ 60 ಡಿಗ್ರಿಯಲ್ಲಿದ್ದಾಗ ಪ್ರತಿ ಕಾಲಿನ ಮೇಲೆ ಹೊರೆಯ ಶೇ. 58ರಷ್ಟು ಎಳೆತ ಬೀಳುತ್ತದೆ; 30 ಡಿಗ್ರಿಗೆ ಇಳಿದರೆ ಒಂದೊಂದು ಕಾಲೂ ಇಡೀ ಹೊರೆಯಷ್ಟು ಎಳೆತ ತಾಳಬೇಕು.

ಚೂಪು ಅಂಚಿಗೆ ಮೆತ್ತೆ ಕೊಡಬೇಕೆಂಬುದು ಅಮೆರಿಕದಲ್ಲಿ 1970ರ ದಶಕದಿಂದಲೇ ಕಾನೂನು. ಆದರೂ 2008ರ ಮಾರ್ಚ್ 15ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಟವರ್ ಕ್ರೇನಿನ ಕಂಬಕ್ಕೆ ತೊಡಿಸಬೇಕಿದ್ದ ಸುಮಾರು 5 ಟನ್ನಿನ ಉಕ್ಕಿನ ಪಟ್ಟಿಯನ್ನು ಹಿಡಿದಿದ್ದ ಪಾಲಿಯೆಸ್ಟರ್ ಸ್ಲಿಂಗ್‌ಗಳು ಹರಿದವು. ಕ್ರೇನ್ ಉರುಳಿ 7 ಜನ ಸತ್ತರು. ಸ್ಲಿಂಗ್‌ಗಳನ್ನು ಕಂಬದ ಅಂಚುಗಳಿಗೆ ಮೆತ್ತೆಯಿಲ್ಲದೆ ಸುತ್ತಲಾಗಿತ್ತು; ಒಂದಂತೂ ಮೊದಲೇ ಸವೆದಿತ್ತು.

ಈಗ ಬಿಗಿಯಾಗಿ ನೇಯ್ದ ಪಾಲಿಎಥಿಲೀನ್ ತೋಳುಗಳು, ಅಂಚನ್ನು ದುಂಡಾಗಿಸುವ ಮೂಲೆಗಾಪುಗಳು ಸಿಗುತ್ತವೆ. ಹಲವು ಬೆಲ್ಟುಗಳ ಒಡಲಲ್ಲಿ ಕೆಂಪು ಎಳೆ ಇರುತ್ತದೆ. ಮೇಲ್ಪದರ ಸವೆದು ಅದು ಕಂಡರೆ ಬೆಲ್ಟಿನ ಕೆಲಸ ಮುಗಿಯಿತು. ಅಂಥದ್ದನ್ನು ಮೂಲೆಯಲ್ಲಿ ಎತ್ತಿಡಬೇಡಿ, ನಾಳೆ ಯಾರೋ ಅವಸರದಲ್ಲಿ ಕಟ್ಟಿಯಾರು. ಅಲ್ಲೇ ಕತ್ತರಿಸಿ ಬಿಸಾಡಿ.