ಸೆನ್ಸರ್ ಮೇಲಿನ ಧೂಳು: ರೀಲಿನ ಕಾಲದಿಂದ ನಮ್ಮ ಕೋಣೆಯ ಮೇಜಿನವರೆಗೆ

ಗಲ್ಫಿನಲ್ಲಿರುವ ನಮಗೆ ಧೂಳಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಗೆಯಲ್ಲಿ ವಾಯವ್ಯದಿಂದ ಶಮಾಲ್ ಗಾಳಿ ಬೀಸಿತೆಂದರೆ, ಬೆಳಗ್ಗೆ ಒರೆಸಿಟ್ಟ ಕಾರಿನ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಕಿಟಕಿ ಮುಚ್ಚಿದರೂ ಒಳಬರುವ ಈ ಧೂಳು, ಲೆನ್ಸ್ ಬದಲಿಸುವ ಕೆಲವೇ ಕ್ಷಣಗಳಲ್ಲಿ ಕ್ಯಾಮೆರಾದೊಳಗೂ ಸೇರಿಬಿಡುತ್ತದೆ. ರಜೆಯಲ್ಲಿ ಊರಿಗೆ ಹೋಗಿ ತೆಗೆದ ಫೋಟೋಗಳನ್ನು ವಾಪಸ್ ಬಂದು ಕಂಪ್ಯೂಟರಿನಲ್ಲಿ ನೋಡುವಾಗ ಅದು ಗೊತ್ತಾಗುತ್ತದೆ. ಮನೆಯಂಗಳದ ಆಕಾಶದಲ್ಲೂ ಜಾತ್ರೆಯ ತೇರಿನ ಹಿಂದೆಯೂ ಅದೇ ಜಾಗದಲ್ಲಿ ಅದೇ ಕಪ್ಪು ಚುಕ್ಕೆ! ಈ ಚುಕ್ಕೆಗೂ ಒಂದು ಇತಿಹಾಸವಿದೆ. ಅದನ್ನು ತಿಳಿದವರು ಕ್ಯಾಮೆರಾ ಕೆಡಿಸಿಕೊಳ್ಳುವುದು ಕಡಿಮೆ ಎಂಬುದು ನಮ್ಮ ಅನುಭವ.

ರೀಲಿನ ಕಾಲದಲ್ಲಿ ಕ್ಯಾಮೆರಾದೊಳಗಿನ ಧೂಳು ಇಷ್ಟು ದೊಡ್ಡ ತಲೆನೋವಾಗಿರಲಿಲ್ಲ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಕೊಡಾಕ್ ಕ್ಯಾಮೆರಾವನ್ನು ಕೊಂಡವರು ಫೋಟೋ ತೆಗೆದು ಮುಗಿಸಿ, ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸುತ್ತಿದ್ದರು. ಅಲ್ಲಿ ಫಿಲ್ಮ್ ತೊಳೆದು, ಹೊಸ ರೀಲು ತುಂಬಿ ಹಿಂದಿರುಗಿಸುತ್ತಿದ್ದರು. ಮುಂದೆ ನಾವೇ ರೀಲು ಹಾಕುವ ಕಾಲ ಬಂದಾಗಲೂ ಪ್ರತಿ ಚಿತ್ರಕ್ಕೂ ಹೊಸ ಫಿಲ್ಮ್ ಮುಂದೆ ಸರಿಯುತ್ತಿತ್ತು. ಒಂದು ಚಿತ್ರದ ಮೇಲೆ ಕೂತ ಧೂಳು ಆ ಫಿಲ್ಮಿನ ಜೊತೆಗೇ ಹೊರಟುಹೋಗುತ್ತಿತ್ತು. ಸ್ಟುಡಿಯೋದವರಿಗೆ ಕಾಟ ಕೊಡುತ್ತಿದ್ದದ್ದು ನೆಗೆಟಿವ್ ಮೇಲೆ ಕೂರುವ ಧೂಳು. ಅದು ಪ್ರಿಂಟಿನಲ್ಲಿ ಬಿಳಿ ಚುಕ್ಕೆಯಾಗಿ ಬೀಳುತ್ತಿತ್ತು. ಡಾರ್ಕ್ ರೂಮಿನಿಂದ ಹೊರಬಂದ ಪ್ರಿಂಟಿಗೆ ಸಣ್ಣ ಬ್ರಷ್ಷಿನಿಂದ ಬಣ್ಣ ಮುಟ್ಟಿಸಿ ಆ ಚುಕ್ಕೆಗಳನ್ನು ಮುಚ್ಚುವುದೇ ಒಂದು ಕಸುಬಾಗಿತ್ತು.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸಾಧನವನ್ನು ರೂಪಿಸಿದರು. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಈ ಸಾಧನಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಬಂತು. 1975ರಲ್ಲಿ ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಂಥ ಸೆನ್ಸರ್ ಬಳಸಿ ಕೈಯಲ್ಲಿ ಹಿಡಿಯಬಹುದಾದ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದರು. ಸುಮಾರು ಮೂರೂವರೆ ಕಿಲೋ ತೂಕದ ಅದು ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ಬರೆದುಕೊಳ್ಳಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. 1991ರಲ್ಲಿ ಕೊಡಾಕ್ ಕಂಪನಿ ನಿಕಾನ್ ಎಫ್3 ಕ್ಯಾಮೆರಾಕ್ಕೆ ಸೆನ್ಸರ್ ಕೂಡಿಸಿ ಮಾರಿತು. 1999ರಲ್ಲಿ ನಿಕಾನ್ ಡಿ1 ಬಂತು. 2003ರಲ್ಲಿ ಕ್ಯಾನನ್ 300ಡಿ ಅಮೆರಿಕದಲ್ಲಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಸಿಕ್ಕಾಗ, ಲೆನ್ಸ್ ಬದಲಿಸುವ ಡಿಜಿಟಲ್ ಕ್ಯಾಮೆರಾ ಸಾಮಾನ್ಯರ ಕೈಗೂ ಬಂತು. ಅದರೊಂದಿಗೆ ಧೂಳಿನ ಸಮಸ್ಯೆಯೂ ಬಂತು.

ಕಾರಣ ಸರಳ. ಫಿಲ್ಮ್ ಸರಿಯುತ್ತಿತ್ತು, ಸೆನ್ಸರ್ ಸರಿಯುವುದಿಲ್ಲ. ಇವತ್ತು ಕೂತ ಕಣ ನಾಳೆಯ ಚಿತ್ರದಲ್ಲೂ ಇರುತ್ತದೆ. ನಿಜ ಹೇಳಬೇಕೆಂದರೆ ಧೂಳು ಕೂರುವುದು ಸೆನ್ಸರ್ ಮೇಲಲ್ಲ, ಅದರ ಮುಂದಿರುವ ತೆಳು ಫಿಲ್ಟರ್ ಗಾಜಿನ ಮೇಲೆ. ಅದರ ನೆರಳು ಸೆನ್ಸರ್ ಮೇಲೆ ಬೀಳುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಆರು ಪಾಲು. ಕಣ್ಣಿಗೆ ಕಾಣದಷ್ಟು ಚಿಕ್ಕ ಕಣವೂ ಹತ್ತಾರು ಪಿಕ್ಸೆಲ್‌ಗಳನ್ನು ಮುಚ್ಚಬಲ್ಲದು. ಲೆನ್ಸಿನ ಕಿಂಡಿ ದೊಡ್ಡದಾಗಿದ್ದರೆ ನೆರಳು ಮಸುಕಾಗಿ ಕರಗುತ್ತದೆ. ಎಫ್ 16, ಎಫ್ 22ಕ್ಕೆ ಕಿರಿದಾಗಿಸಿದರೆ ಚುಕ್ಕೆ ಎದ್ದು ಕಾಣುತ್ತದೆ.

ಕಂಪನಿಗಳು ಮೊದಲು ಕೊಟ್ಟ ಉತ್ತರ ಎಚ್ಚರಿಕೆಯದು. ಕ್ಯಾಮೆರಾದ ಜೊತೆ ಬಂದ ಪುಸ್ತಿಕೆಗಳು ಬ್ಲೋವರಿನಿಂದ ಗಾಳಿ ಊದಿ, ಹೋಗದಿದ್ದರೆ ಸರ್ವೀಸ್ ಸೆಂಟರಿಗೆ ತನ್ನಿ ಎಂದವು. ಆದರೆ ಪ್ರತಿ ತಿಂಗಳು ಹಣ ಕೊಟ್ಟು, ಕ್ಯಾಮೆರಾ ಬಿಟ್ಟು ಕಾಯುವುದು ಎಲ್ಲರಿಂದ ಆಗುವ ಮಾತೇ? ಜನ ಮನೆಯಲ್ಲೇ ದಾರಿ ಹುಡುಕಿದರು. ಸೆನ್ಸರಿನ ಅಗಲಕ್ಕೆ ಸರಿಯಾದ ಸ್ವಾಬ್, ಅದಕ್ಕೆ ಎರಡು ಹನಿ ಶುದ್ಧ ಮೆಥನಾಲ್, ಒಂದೇ ದಿಕ್ಕಿನಲ್ಲಿ ಒಂದೇ ಎಳೆತ ಎಂಬ ಕ್ರಮ ಹೀಗೆ ರೂಢಿಗೆ ಬಂತು.

ಎರಡನೆಯ ಉತ್ತರ ಯಂತ್ರದ್ದು. 2003ರಲ್ಲೇ ಒಲಿಂಪಸ್ ತನ್ನ ಇ-1 ಕ್ಯಾಮೆರಾದಲ್ಲಿ, ಸ್ವಿಚ್ ಹಾಕಿದೊಡನೆ ಮುಂದಿನ ಗಾಜು ಅತಿ ವೇಗವಾಗಿ ಕಂಪಿಸಿ ಧೂಳು ಕೊಡವುವ ಏರ್ಪಾಡು ಮಾಡಿತು. ಬಿದ್ದ ಧೂಳನ್ನು ಕೆಳಗಿನ ಅಂಟುಪಟ್ಟಿ ಹಿಡಿದುಕೊಳ್ಳುತ್ತಿತ್ತು. 2006ರಲ್ಲಿ ಕ್ಯಾನನ್ 400ಡಿ ಮತ್ತು ಸೋನಿ ಆಲ್ಫಾ 100, 2007ರಲ್ಲಿ ನಿಕಾನ್ ಡಿ300 ತಮ್ಮದೇ ರೀತಿಯಲ್ಲಿ ಇದನ್ನು ಅಳವಡಿಸಿಕೊಂಡವು. ಒಣ ಧೂಳು ಇದರಿಂದ ಬಹುಮಟ್ಟಿಗೆ ಉದುರುತ್ತದೆ. ಸೆಕೆಯಲ್ಲಿ ತೇವ ಹಿಡಿದು ಅಂಟಿದ ಧೂಳು, ಒಳಗಿನ ಎಣ್ಣೆಯ ಹನಿ ಹೀಗೆ ಹೋಗುವುದಿಲ್ಲ.

ಮನೆಯಲ್ಲಿ ಒರೆಸುವವರ ಕಣ್ಣು ಎಷ್ಟು ಚುರುಕು ಎಂಬುದಕ್ಕೆ 2012ರ ಕೊನೆಯಲ್ಲಿ ಬಂದ ನಿಕಾನ್ ಡಿ600 ಸಾಕ್ಷಿ. ಎಷ್ಟು ಸಲ ಒರೆಸಿದರೂ ಚಿತ್ರದ ಎಡ ಮೇಲ್ಭಾಗದಲ್ಲಿ ಮತ್ತೆ ಮತ್ತೆ ಚುಕ್ಕೆಗಳು ಬರುತ್ತಿವೆ ಎಂದು ಕೊಂಡವರು ಫೋಟೋಗಳ ಸರಣಿಯನ್ನೇ ತೆಗೆದು ತೋರಿಸಿದರು. 2013ರ ಫೆಬ್ರವರಿಯಲ್ಲಿ ಕಂಪನಿ ಚುಕ್ಕೆಗಳ ವಿಷಯ ಒಪ್ಪಿ ಸೂಚನೆ ಹೊರಡಿಸಿತು. ಅದೇ ವರ್ಷ ಹೊಸ ಶಟರ್‌ನ ಡಿ610 ಬಂತು. 2014ರಲ್ಲಿ ವಾರಂಟಿ ಮುಗಿದ ಡಿ600ಗಳಿಗೂ ಉಚಿತ ಸರ್ವೀಸ್ ಘೋಷಣೆಯಾಯಿತು. ಧೂಳು ಯಾವಾಗಲೂ ಬಳಸುವವರ ತಪ್ಪಲ್ಲ ಎಂಬುದು ಹೀಗೆ ಗಟ್ಟಿಯಾಯಿತು.

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು 2008ರಿಂದ ಬಂದವು. ಅವುಗಳಲ್ಲಿ ಸೆನ್ಸರಿನ ಮುಂದೆ ಕನ್ನಡಿಯಿಲ್ಲ. ಹಲವದರಲ್ಲಿ ಲೆನ್ಸ್ ತೆಗೆದೊಡನೆ ಸೆನ್ಸರ್ ನೇರ ಗಾಳಿಗೆ ತೆರೆದುಕೊಳ್ಳುತ್ತದೆ. 2018ರ ಕ್ಯಾನನ್ ಇಒಎಸ್ ಆರ್‌ನಲ್ಲಿ ಸ್ವಿಚ್ ಆರಿಸಿದಾಗ ಶಟರ್ ಮುಚ್ಚಿಕೊಳ್ಳುವಂತೆ ಮಾಡಿದ್ದು ಇದೇ ಕಾರಣಕ್ಕೆ.

ಇಷ್ಟೆಲ್ಲ ಓದಿ ತಿಳಿಯುವ ಮೊದಲು ನಮ್ಮ ಬಳಗದ ಗೆಳೆಯರೊಬ್ಬರು ಒಂದು ಪಾಠ ಕಲಿತರು. ಎಂಟು ತಿಂಗಳು ಓವರ್‌ಟೈಮ್ ದುಡಿದು ಉಳಿಸಿದ ಹಣದಲ್ಲಿ ಕೊಂಡ ಕ್ಯಾಮೆರಾ. ತಂಗಿಯ ಮದುವೆಗೆ ಹೊರಡುವ ಹಿಂದಿನ ರಾತ್ರಿ ಚುಕ್ಕೆ ಕಂಡು, ಕನ್ನಡಕ ಒರೆಸುವ ಬಟ್ಟೆಯಿಂದ ಉಜ್ಜಿಬಿಟ್ಟರು. ಮರಳಿನಲ್ಲಿ ಹೆಚ್ಚಿರುವುದು ಗಾಜಿಗಿಂತ ಗಟ್ಟಿಯಾದ ಸ್ಫಟಿಕ ಶಿಲೆಯ ಕಣ. ಚುಕ್ಕೆ ಹೋಯಿತು, ಗೀರು ಉಳಿಯಿತು. ಧಾರೆಯ ಫೋಟೋದಲ್ಲಿ ಈಗಲೂ ಆ ಗೀರಿದೆ. ಗಾಜು ಬದಲಿಸಲು ಕೇಳಿದ ಹಣಕ್ಕೆ ಹಳೆಯ ಕ್ಯಾಮೆರಾವೇ ಬರುತ್ತಿತ್ತು.

ಆದ್ದರಿಂದ ನಾವು ಪಾಲಿಸುವ ಕ್ರಮ ಹೀಗಿದೆ. ಮೊದಲು ಎಫ್ 16ರಲ್ಲಿ ಬಿಳಿ ಗೋಡೆಯ ಫೋಟೋ ತೆಗೆದು ಚುಕ್ಕೆ ಎಲ್ಲಿದೆ ನೋಡುತ್ತೇವೆ. ಕ್ಯಾಮೆರಾದ ಎದುರಿನಿಂದ ನೋಡಿದರೆ ಎಡಬಲ ಚಿತ್ರದಲ್ಲಿದ್ದಂತೆಯೇ, ಮೇಲು ಕೆಳಗು ಮಾತ್ರ ಅದಲು ಬದಲು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನ ಸೆನ್ಸರ್ ಕ್ಲೀನಿಂಗ್ ಆಯ್ಕೆಯಲ್ಲೇ ತೆರೆಯುತ್ತೇವೆ. ನಡುವೆ ಬ್ಯಾಟರಿ ಮುಗಿದು ಶಟರ್ ಮುಚ್ಚಿದರೆ ಅದೂ ಹಾಳು. ಫ್ಯಾನ್, ಏಸಿ ಆರಿಸಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ರಬ್ಬರ್ ಬ್ಲೋವರಿನಿಂದ ಊದುತ್ತೇವೆ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ, ಡಬ್ಬಿಯ ಸ್ಪ್ರೇ ಗಾಳಿಯಲ್ಲಿ ದ್ರವ ಚಿಮ್ಮುತ್ತದೆ. ಎರಡೂ ಬೇಡ. ಬಹಳಷ್ಟು ಸಲ ಇಷ್ಟೇ ಸಾಕು. ಹೋಗದಿದ್ದರೆ ಮಾತ್ರ ಹೊಸ ಸ್ವಾಬ್, ಒಂದು ಎಳೆತ, ಮತ್ತೆ ಅದನ್ನು ಬಳಸುವುದಿಲ್ಲ. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುವ ದ್ರವ. ಊರಿಗೆ ಹೋಗುವಾಗ ಲಗೇಜಿನಲ್ಲಿ ಒಯ್ಯುವಂತಿಲ್ಲ. ಬ್ಲೋವರ್ ಒಯ್ಯಬಹುದು.

ಕೈ ನಡುಗುವಂತಿದ್ದರೆ ಸರ್ವೀಸ್ ಸೆಂಟರಿಗೆ ಹೋಗುವುದರಲ್ಲಿ ನಾಚಿಕೆಯೇನಿಲ್ಲ. ಆಕಾಶದ ಚುಕ್ಕೆಯನ್ನು ಕಂಪ್ಯೂಟರಿನಲ್ಲಿ ಅಳಿಸಬಹುದು, ಗಾಜಿನ ಗೀರನ್ನು ಅಳಿಸಲಾಗದು. ಮುಂದಿನ ರಜೆಗೆ ಟಿಕೆಟ್ ಮಾಡಿದ ವಾರವೇ ಆ ಬಿಳಿ ಗೋಡೆಯ ಫೋಟೋ ತೆಗೆದು ನೋಡಿ. ಹೊರಡುವ ಹಿಂದಿನ ರಾತ್ರಿಯವರೆಗೆ ಕಾಯಬೇಡಿ.