ಠಾಣೆಯಲ್ಲಿ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಯಾಕೆ ನಡೆಯುವುದಿಲ್ಲ?

"ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ" ಎಂದು ಟಿವಿಯಲ್ಲಿ ಬಂದರೆ ಸಾಕು, ಊರಿನಲ್ಲಿ ತೀರ್ಪು ಮುಗಿದ ಹಾಗೆ. ವಾಟ್ಸಾಪ್ ಗ್ರೂಪಿನಲ್ಲಿ ಅವನ ಫೋಟೋ ಹರಿದಾಡುತ್ತದೆ. ಹೋಟೆಲಿನ ಬೆಂಚಿನ ಮೇಲೆ ಶಿಕ್ಷೆಯೂ ನಿಗದಿಯಾಗುತ್ತದೆ. ಮೂರ್ನಾಲ್ಕು ವರ್ಷದ ಮೇಲೆ ಅದೇ ಮನುಷ್ಯ ಖುಲಾಸೆಯಾಗಿ ಬಂದರೆ, "ದುಡ್ಡು ಕೊಟ್ಟು ಬಿಡಿಸಿಕೊಂಡಿರಬೇಕು ಬಿಡು" ಎನ್ನುತ್ತೇವೆ. ಅವನೇ ಒಪ್ಪಿಕೊಂಡಿದ್ದನಲ್ಲ, ಕೋರ್ಟು ಹೇಗೆ ಬಿಟ್ಟಿತು?

ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ. ಈ ನಿಯಮ ನಮ್ಮ ದೇಶದಲ್ಲಿ 160 ವರ್ಷಕ್ಕೂ ಹಳೆಯದು. ಅದರ ಹಿಂದೆ ನಮ್ಮಂಥ ಹಳ್ಳಿಗರದೇ ಒಂದು ಕಥೆ ಇದೆ.

1855ರ ವರದಿ

1854ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮದ್ರಾಸ್ ಪ್ರಾಂತ್ಯದ ಬಗ್ಗೆ ಗಲಾಟೆ ಎದ್ದಿತು. ಕಂದಾಯ ಕಟ್ಟದ ರೈತರಿಗೆ ಸರ್ಕಾರಿ ನೌಕರರು ಚಿತ್ರಹಿಂಸೆ ಕೊಡುತ್ತಾರೆ ಎಂಬುದು ಆರೋಪ. ಈಸ್ಟ್ ಇಂಡಿಯಾ ಕಂಪನಿ ತನಿಖೆಗೆ ಒಪ್ಪಲೇಬೇಕಾಯಿತು. ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರ ಆಯೋಗ ನೇಮಕವಾಯಿತು. ಇದನ್ನೇ ಇತಿಹಾಸದಲ್ಲಿ ಮದ್ರಾಸ್ ಟಾರ್ಚರ್ ಕಮಿಷನ್ ಎನ್ನುತ್ತಾರೆ. ಬಳ್ಳಾರಿ, ಕರಾವಳಿಯ ಕೆನರಾ ಜಿಲ್ಲೆ, ಕೊಳ್ಳೇಗಾಲ ಎಲ್ಲವೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು.

ದಕ್ಷಿಣ ಭಾರತದಲ್ಲಿ ಇನ್ನೂ ರೈಲು ಓಡದ ಕಾಲ ಅದು. ಆದರೂ 519 ಜನ ಆಯೋಗದ ಮುಂದೆ ತಾವೇ ಬಂದು ದೂರು ಕೊಟ್ಟರು. ಇನ್ನೂ 1,440 ದೂರುಗಳು ಬರಹದಲ್ಲಿ ಬಂದವು. ಅವುಗಳಲ್ಲಿ ಏನಿತ್ತು? ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸುವುದು, ಕಿಟ್ಟಿ ಎಂಬ ಮರದ ಸಾಧನದಲ್ಲಿ ಬೆರಳು ಇಟ್ಟು ಅದುಮುವುದು, ಕಣ್ಣಿಗೆ ಮೆಣಸಿನಕಾಯಿ ಪುಡಿ ಹಾಕುವುದು, ಊಟ ಮತ್ತು ನಿದ್ದೆ ತಪ್ಪಿಸುವುದು.

ಇದು ಬರೀ ಕಂದಾಯದ ಮಾತಾಗಿರಲಿಲ್ಲ. ಆಗ ತಹಶೀಲ್ದಾರರೇ ಪೊಲೀಸ್ ಮುಖ್ಯಸ್ಥರೂ ಆಗಿದ್ದರು. ಬೆಳಿಗ್ಗೆ ಕಂದಾಯ ವಸೂಲಿಗೆ ಬಂದ ಜನರೇ ಸಂಜೆ ಕಳ್ಳತನದ ತನಿಖೆಗೂ ಬರುತ್ತಿದ್ದರು. ಕೈಯಲ್ಲಿದ್ದ ಉಪಾಯವೂ ಒಂದೇ. ಕಳ್ಳತನ ಆಯಿತೇ, ಯಾರನ್ನಾದರೂ ಹಿಡಿ, ಬಾಯಿ ಬಿಡಿಸು. ಬಾಯಿ ಬಿಟ್ಟವನು ಕಳ್ಳ.

ಆಯೋಗ 1855ರಲ್ಲಿ ವರದಿ ಕೊಟ್ಟಿತು. ಹಿಂಸೆ ನಡೆಯುತ್ತಿರುವುದು ನಿಜ ಎಂದಿತು. ಹೊಣೆಯನ್ನು ಮಾತ್ರ ಕೆಳಗಿನ ದೇಶಿ ನೌಕರರ ತಲೆಗೆ ಕಟ್ಟಿ, ಮೇಲಿನ ಬಿಳಿ ಅಧಿಕಾರಿಗಳನ್ನು ಬಚಾವ್ ಮಾಡಿತು. ಹಾಗಿದ್ದರೂ ಆ ವರದಿಯಿಂದ ಎರಡು ಕೆಲಸ ಆದವು. ಮದ್ರಾಸಿನಲ್ಲಿ 1859ರ ಕಾಯ್ದೆಯಿಂದ ಪೊಲೀಸ್ ಇಲಾಖೆ ಕಂದಾಯದಿಂದ ಬೇರೆಯಾಯಿತು. 1861ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷಿಯಲ್ಲ ಎಂಬ ನಿಯಮ ಬಂತು. ಅದೇ ನಿಯಮ 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಆಯಿತು.

ಆ ಕಾಯ್ದೆ ಬರೆದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್, ಭಾರತದ ಅಧಿಕಾರಿಯೊಬ್ಬ ತನಗೆ ಹೇಳಿದ ಕಾರಣವನ್ನು ಮುಂದೆ ದಾಖಲಿಸಿದ್ದಾನೆ. ಅದರ ಸಾರಾಂಶ ಸೋಮಾರಿತನ. ಬಿಸಿಲಲ್ಲಿ ಅಲೆದು ಸಾಕ್ಷಿ ಹುಡುಕುವುದಕ್ಕಿಂತ ನೆರಳಲ್ಲಿ ಕೂತು ಬಡಪಾಯಿಯ ಕಣ್ಣಿಗೆ ಖಾರ ಹಾಕುವುದು ಸುಲಭ ಎಂದು.

ಹೊಡೆಯದೇ ಇದ್ದರೆ?

"ಹೊಡೆದರೆ ಯಾರಾದರೂ ಒಪ್ಪುತ್ತಾರೆ ಸರಿ. ಹೊಡೆಯದೆಯೂ ಒಪ್ಪಿಕೊಂಡರೆ ಅದು ನಿಜವೇ ಅಲ್ಲವೇ?" ಬಹಳ ಜನ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಲಂಡನ್ನಿಗೆ ಹೋಗೋಣ.

1949ರಲ್ಲಿ ಅಲ್ಲಿನ ನಾಟಿಂಗ್ ಹಿಲ್‌ನಲ್ಲಿ ತಿಮೊತಿ ಇವಾನ್ಸ್ ಎಂಬ ಯುವಕನ ಹೆಂಡತಿ ಮತ್ತು ಪುಟ್ಟ ಮಗಳ ಕೊಲೆಯಾಯಿತು. ಇವಾನ್ಸ್‌ಗೆ ಓದು ಬರಹ ಸರಿಯಾಗಿ ಬರುತ್ತಿರಲಿಲ್ಲ. ಮೊದಲು ಅವನೇ ಠಾಣೆಗೆ ಹೋಗಿ ಒಂದಕ್ಕೊಂದು ಹೊಂದದ ಹೇಳಿಕೆಗಳನ್ನು ಕೊಟ್ಟ. ಆಮೇಲೆ ಪೊಲೀಸರು ಹೆಣಗಳು ಸಿಕ್ಕಿದ ವಿಷಯ ತಿಳಿಸಿ, ಬಟ್ಟೆಗಳನ್ನು ಮುಂದಿಟ್ಟರು. ಇಬ್ಬರನ್ನೂ ಕೊಂದದ್ದು ತಾನೇ ಎಂದು ಅವನು ಒಪ್ಪಿಕೊಂಡ. ವಿಚಾರಣೆಯಲ್ಲಿ ಆ ಮಾತನ್ನು ಹಿಂತೆಗೆದುಕೊಂಡು, ಪೊಲೀಸರು ಹೊಡೆದಾರು ಎಂಬ ಹೆದರಿಕೆ ಇತ್ತು ಎಂದ. ಕೆಳಗಿನ ಮನೆಯ ಕ್ರಿಸ್ಟಿಯೇ ಕೊಲೆಗಾರ ಎಂದೂ ಹೇಳಿದ. ಯಾರೂ ನಂಬಲಿಲ್ಲ. ಆ ಕ್ರಿಸ್ಟಿಯೇ ಸರ್ಕಾರದ ಕಡೆಯ ಮುಖ್ಯ ಸಾಕ್ಷಿಯಾಗಿದ್ದ! ಮಗಳ ಕೊಲೆಗಾಗಿ 1950ರ ಮಾರ್ಚ್ 9ರಂದು ಇವಾನ್ಸ್‌ನನ್ನು ಗಲ್ಲಿಗೇರಿಸಿದರು.

ಮೂರು ವರ್ಷದ ನಂತರ ಕ್ರಿಸ್ಟಿ ಆ ಮನೆ ಖಾಲಿ ಮಾಡಿದ. ಆಮೇಲೆ ಅಡುಗೆಮನೆಯ ಗೋಡೆಯ ಹಿಂದೆ, ನೆಲದ ಕೆಳಗೆ, ಹಿತ್ತಲಿನಲ್ಲಿ ಒಟ್ಟು ಆರು ಹೆಂಗಸರ ಅವಶೇಷ ಸಿಕ್ಕವು. ಇವಾನ್ಸ್‌ನ ಹೆಂಡತಿಯನ್ನೂ ತಾನೇ ಕೊಂದೆ ಎಂದು ಕ್ರಿಸ್ಟಿ ಹೇಳಿದ. ಅವನಿಗೂ ಗಲ್ಲಾಯಿತು. 1966ರಲ್ಲಿ ಇವಾನ್ಸ್‌ಗೆ ಕ್ಷಮಾದಾನ ಸಿಕ್ಕಿತು. ಅದನ್ನು ಪಡೆಯಲು ಅವನು ಇರಲಿಲ್ಲ.

ಒಬ್ಬ ಮನುಷ್ಯ ಮಾಡದ ತಪ್ಪನ್ನು ಯಾಕೆ ಒಪ್ಪಿಕೊಳ್ಳುತ್ತಾನೆ? ಸಾಲ್ ಕ್ಯಾಸಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1996ರಲ್ಲಿ ತನ್ನ ಸಹಲೇಖಕಿಯೊಂದಿಗೆ ಒಂದು ಪ್ರಯೋಗ ಪ್ರಕಟಿಸಿದ. ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, "ಈ ಒಂದು ಕೀ ಮಾತ್ರ ಒತ್ತಬೇಡಿ, ಒತ್ತಿದರೆ ಎಲ್ಲಾ ಹಾಳಾಗುತ್ತದೆ" ಎಂದು ಹೇಳಿದರು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ತಾನಾಗಿ ನಿಲ್ಲುವಂತೆ ಮೊದಲೇ ಮಾಡಿಟ್ಟಿದ್ದರು. ಯಾರೂ ಆ ಕೀ ಒತ್ತಿರಲಿಲ್ಲ. ಆದರೂ "ನೀನೇ ಒತ್ತಿದೆ" ಎಂದು ಗದರಿಸಿ ಒಪ್ಪಿಗೆ ಪತ್ರ ಮುಂದಿಟ್ಟಾಗ 100ಕ್ಕೆ 69 ಜನ ಸಹಿ ಹಾಕಿದರು. ಕೆಲಸ ಅವಸರದ್ದಾಗಿದ್ದು, ಜೊತೆಗೆ ಒಬ್ಬರು "ನಾನೇ ನೋಡಿದೆ" ಎಂದು ಸುಳ್ಳು ಸಾಕ್ಷಿ ಹೇಳಿದಾಗ ಎಲ್ಲರೂ ಸಹಿ ಹಾಕಿದರು. ಕೆಲವರಂತೂ ತಾವು ಹೇಗೆ ಒತ್ತಿದೆವು ಎಂದು ವಿವರ ಕಟ್ಟಿ ಹೇಳಿದರು!

ಕೀ ಒತ್ತುವುದೂ ಕೊಲೆಯೂ ಒಂದೇ ಅಲ್ಲ, ನಿಜ. ಆದರೆ ಠಾಣೆಯ ಒತ್ತಡವೂ ಕಾಲೇಜಿನ ಒತ್ತಡವೂ ಒಂದೇ ಅಲ್ಲವಲ್ಲ. ನಿದ್ದೆ ಇಲ್ಲ, ಮನೆಯವರ ಮುಖ ಕಂಡಿಲ್ಲ. "ನಿನ್ನ ಜೊತೆಯವನು ಎಲ್ಲಾ ಹೇಳಿದ್ದಾನೆ" ಎನ್ನುತ್ತಾರೆ. "ಒಪ್ಪಿಕೊಂಡರೆ ಬೇಗ ಬಿಡುತ್ತೇವೆ" ಎನ್ನುತ್ತಾರೆ. "ಇಲ್ಲದಿದ್ದರೆ ನಿನ್ನ ಹೆಂಡತಿಯನ್ನೂ ಕರೆಸುತ್ತೇವೆ" ಎನ್ನುತ್ತಾರೆ. ಆಗ ಮನುಷ್ಯನಿಗೆ ಮುಂದಿನ ಹತ್ತು ವರ್ಷದ ಜೈಲು ಕಾಣುವುದಿಲ್ಲ. ಈ ರಾತ್ರಿ ಹೇಗಾದರೂ ಮುಗಿದರೆ ಸಾಕು ಎನ್ನಿಸುತ್ತದೆ. ತಪ್ಪು ಮಾಡದವನಿಗೆ ಇನ್ನೊಂದು ಭ್ರಮೆ. "ಈಗ ಹೂಂ ಎನ್ನೋಣ, ನಿಜ ಏನೆಂದು ಕೋರ್ಟಿನಲ್ಲಿ ಗೊತ್ತಾಗುತ್ತದೆ" ಎಂದುಕೊಳ್ಳುತ್ತಾನೆ. ಹುಡುಗರು, ಓದು ಬಾರದವರು, ಬುದ್ಧಿ ಬೆಳವಣಿಗೆ ಕಡಿಮೆ ಇರುವವರು ಇನ್ನೂ ಬೇಗ ಬಗ್ಗುತ್ತಾರೆ.

ಈಗಿನ ಕಾನೂನು

2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೆಯ ನಿಯಮ ಅದರ 23ನೇ ಸೆಕ್ಷನ್‌ನಲ್ಲಿ ಉಳಿದುಕೊಂಡಿದೆ. ಪೊಲೀಸರು ಬರೆದುಕೊಳ್ಳುವ "ಸ್ವಇಚ್ಛಾ ಹೇಳಿಕೆ"ಯ ತಪ್ಪೊಪ್ಪಿಗೆಯಿಂದ ಮಾತ್ರ ಯಾರಿಗೂ ಶಿಕ್ಷೆ ಆಗುವಂತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡರೆ ಬೇರೆ ಮಾತು. ಅಲ್ಲಿಯೂ "ನೀನು ಒಪ್ಪಿಕೊಳ್ಳಲೇಬೇಕೆಂದಿಲ್ಲ, ಒಪ್ಪಿಕೊಂಡರೆ ಅದು ನಿನ್ನ ವಿರುದ್ಧ ಬಳಕೆಯಾಗಬಹುದು" ಎಂದು ಅವರು ಮೊದಲು ತಿಳಿಸಬೇಕು. ಆರೋಪಿ ಒಲ್ಲೆ ಎಂದರೆ, ಅದಕ್ಕಾಗಿ ಅವನನ್ನು ಪೊಲೀಸ್ ಕಸ್ಟಡಿಗೆ ಕಳಿಸುವಂತಿಲ್ಲ.

ಆದರೆ ಈ ಬೇಲಿಯಲ್ಲಿ ಕಿಂಡಿಗಳಿವೆ. 1987ರ ಟಾಡಾ ಕಾಯ್ದೆ, 2002ರ ಪೋಟಾ ಕಾಯ್ದೆ ಎಸ್‌ಪಿ ಮುಂದಿನ ತಪ್ಪೊಪ್ಪಿಗೆಗೆ ಒಪ್ಪಿಗೆ ಕೊಟ್ಟಿದ್ದವು. ಅವೆರಡೂ ಈಗ ಇಲ್ಲ. ಸಂಘಟಿತ ಅಪರಾಧಕ್ಕೆಂದು ಇರುವ ನಮ್ಮ ಕರ್ನಾಟಕದ ಕೋಕಾ ಕಾಯ್ದೆಯಲ್ಲಿ ಆ ಅವಕಾಶ ಈಗಲೂ ಇದೆ.

ಇನ್ನೊಂದು ಕಿಂಡಿ ನಮ್ಮ ಕೈಯಲ್ಲೇ ಇದೆ. ಆರೋಪಿ ತೋರಿಸಿದ ಜಾಗದಲ್ಲಿ ಮಚ್ಚೋ, ಒಡವೆಯೋ ಸಿಕ್ಕರೆ, ಅವನ ಹೇಳಿಕೆಯಲ್ಲಿ ಅದಕ್ಕೆ ನೇರ ಸಂಬಂಧಪಟ್ಟ ಭಾಗ ಮಾತ್ರ ಸಾಕ್ಷಿಯಾಗುತ್ತದೆ. ಅದಕ್ಕೆ ಮಹಜರು ಬೇಕು, ಮಹಜರಿಗೆ ಪಂಚರು ಬೇಕು. ಆ ಪಂಚರು ಬಹಳ ಸಲ ನಮ್ಮೂರಿನವರೇ, ಅಂದರೆ ನಾವೇ. ಎಷ್ಟೋ ಜನ ಠಾಣೆಯಲ್ಲಿ ಕೂತು, ಜಾಗಕ್ಕೆ ಹೋಗದೆ, ಓದದೆ ಸಹಿ ಹಾಕಿ ಬರುತ್ತಾರೆ. ಮುಂದೆ ಕೋರ್ಟಿನಲ್ಲಿ ಪ್ರಶ್ನೆ ಬಂದಾಗ ತಡವರಿಸುತ್ತಾರೆ. ಹಾಗೆ ಹಾಕಿದ ಸಹಿಯಿಂದ ನಿರಪರಾಧಿ ಜೈಲಿಗೆ ಹೋಗಬಹುದು. ನಿಜವಾದ ಕೊಲೆಗಾರ ತಪ್ಪಿಸಿಕೊಳ್ಳಲೂಬಹುದು. ಕಣ್ಣಾರೆ ಕಂಡಿದ್ದರೆ ಮಾತ್ರ, ಓದಿ, ಸಹಿ ಹಾಕಿ.

ನಿಮ್ಮ ಮನೆಯವರನ್ನೇ ಕರೆದುಕೊಂಡು ಹೋದರೆ ನೆನಪಿಡಿ: ಬಂಧಿಸಿದ 24 ಗಂಟೆಯೊಳಗೆ (ಪ್ರಯಾಣದ ಸಮಯ ಬಿಟ್ಟು) ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಕಾಣುವ ಹಕ್ಕಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ವಕೀಲರಿಗೆ ದುಡ್ಡಿಲ್ಲದವರು 15100ಕ್ಕೆ ಫೋನ್ ಮಾಡಿ ಉಚಿತ ಕಾನೂನು ನೆರವು ಕೇಳಬಹುದು.

ಕೊಲೆಯಾದ ಮನೆಯವರಿಗೂ ಇದರಲ್ಲಿ ಪಾಲಿದೆ. ತಪ್ಪು ಮನುಷ್ಯ ಒಳಗೆ ಹೋದ ದಿನ ಸರಿಯಾದವನ ಹುಡುಕಾಟ ನಿಲ್ಲುತ್ತದೆ. ಇವಾನ್ಸ್ ಗಲ್ಲಿಗೇರಿದ ಮೇಲೆ ಕ್ರಿಸ್ಟಿ ಇನ್ನೂ ನಾಲ್ವರು ಹೆಂಗಸರನ್ನು ಕೊಂದ. ಅವರಲ್ಲಿ ಒಬ್ಬಳು ಅವನದೇ ಹೆಂಡತಿ.